ಮೊದಲು ಜಿಗಿಯುವವರ ಮಾರಿ

ನಾನು ಸಿಂಧನೂರು ಕಡೆ ಲೈನ್‌ಮನ್. ಹೋದ ವರ್ಷ ಕಂಬದಿಂದ ಬಿದ್ದು ಕಾಲು ಮುರಿದಿತ್ತು. ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ಮತ್ತೆ ಕೆಲಸಕ್ಕೆ ಬಂದ ಮೊದಲ ದಿನವೇ ಬಂಗಾಳಿ ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನಲ್ಲಿ ತಂತಿ ಹರಿದಿತ್ತು. ಕರೆಂಟ್ ಬಂದ್ ಮಾಡಿಸಿ ಬೆಲ್ಟ್ ಕಟ್ಟಿಕೊಂಡೆ. ಆದರೆ ಕಂಬ ಹತ್ತಲು ಕಾಲೇ ಏಳಲಿಲ್ಲ.

ಎದುರು ಮನೆಯಿಂದ ಒಬ್ಬರು ಬಂದರು. ಕ್ಯಾಂಪಿನಲ್ಲೇ ಹುಟ್ಟಿ ಬೆಳೆದ ಬಂಗಾಳಿ; ಈಗ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುವ ದಳದಲ್ಲಿ ಮೇಜರ್. ರಜೆಗೆ ಬಂದಿದ್ದರು. ನಾನು ಬೆಲ್ಟ್ ಕಟ್ಟಿಕೊಂಡೂ ಕಂಬದ ಬುಡದಲ್ಲೇ ನಿಂತಿದ್ದು ಅವರಿಗೆ ಕಂಡಿತು.

“ಅಷ್ಟು ಮ್ಯಾಲಿಂದ ಜಿಗಿತೀರಿ, ನಿಮಗ ಅಂಜಿಕಿ ಆಗಂಗಿಲ್ಲೇನ್ರೀ ಸಾಹೇಬ್ರ?” ಎಂದು ಕೇಳಿಬಿಟ್ಟೆ.

“ಪ್ರತಿ ಸಲ ಆಗ್ತದ. ಆದ್ರ ನಾ ಆಫೀಸರ್, ಮೊದಲು ಜಿಗಿಬೇಕು. ಹಿಂದಿನವರಿಗೆ ನನ್ನ ಬೆನ್ನು ಅಷ್ಟ ಕಾಣ್ತದ, ಮಾರಿ ಕಾಣಂಗಿಲ್ಲ. ಅದ ನನ್ನ ಪುಣ್ಯ,” ಎಂದು ನಕ್ಕರು.

ಆಮೇಲೆ, ಜಿಗಿಯುವ ಮುಂಚೆ ತಮ್ಮ ಜವಾನರಿಗೆ ಮಾಡುವಂತೆಯೇ, ನನ್ನ ಬೆಲ್ಟಿನ ಒಂದೊಂದು ಕೊಂಡಿಯನ್ನೂ ಎಳೆದು ನೋಡಿ ಭುಜ ತಟ್ಟಿದರು. “ಹೋಗ್ರಿ, ನಾ ಇಲ್ಲೇ ನಿಂತಿರ್ತೀನಿ.”

ಹತ್ತಿದೆ. ತಂತಿ ಜೋಡಿಸಿ ಇಳಿಯುವ ತನಕ ಅವರು ಕತ್ತೆತ್ತಿಕೊಂಡು ಅಲ್ಲೇ ನಿಂತಿದ್ದರು. ಆಮೇಲೆ ಚಾ ಕೊಡುತ್ತಾ, “ನಮಗ ಇಳಿಯೂದು ಅಷ್ಟ ಕಲಿಸ್ಯಾರ್ರೀ. ಹಿಂಗ ಹತ್ತೂದು ನನ್ನ ಕೈಲೆ ಆಗಂಗಿಲ್ಲ,” ಅಂದರು.

ಮೇಜರ್ ಸಾಹೇಬ್ರೂ ಸುಳ್ಳು ಹೇಳ್ತಾರೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ.