ಗರ್ಭದ ಸಂದೇಶ ಮತ್ತು ವೀಣಾಳ ಮಾತು

ಕೋವಿಡ್ ತಗ್ಗಿದ ಮರುವರ್ಷ ನಾನು ಕಾರವಾರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ತ್ರೀರೋಗ ತಜ್ಞೆಯಾಗಿದ್ದೆ. ಅಂಕೋಲೆಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅವರ್ಸಾದ ವೀಣಾ ಆಗ ನನ್ನ ರೋಗಿ. ಹುಬ್ಬಳ್ಳಿಯಲ್ಲಿ ಮೂರು ಸಲ ಐವಿಎಫ್ ಆಗಿತ್ತು. ಭ್ರೂಣಗಳು ಚೆನ್ನಾಗಿದ್ದವು, ಗರ್ಭಕೋಶವೂ ಸರಿ ಇತ್ತು. ಆದರೂ ಒಂದೂ ನಿಲ್ಲಲಿಲ್ಲ.

ಮನೆಯಲ್ಲಿ ಯಾರೂ ಅವಳನ್ನು ಬೈಯುತ್ತಿರಲಿಲ್ಲ. ಅತ್ತೆ ಇಸೋಣ ಮೀನಿನ ದೊಡ್ಡ ತುಂಡನ್ನು ಅವಳ ತಾಟಿಗೇ ಹಾಕುತ್ತಿದ್ದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು, ಇಷ್ಟು ಪ್ರೀತಿಗೆ ಬೇಡ ಅನ್ನುವುದು ಹೇಗೆ?

ಒಂದು ದಿನ ಅವಳ ಗಂಡ ದಿನೇಶ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ದೊಡ್ಡ ಊರಿನ ಕ್ಲಿನಿಕ್ಕೊಂದು ಭ್ರೂಣ ನಿಲ್ಲಲೆಂದು ಗರ್ಭಕೋಶಕ್ಕೆ 'ಎಕ್ಸೋಸೋಮ್' ಇಂಜೆಕ್ಷನ್ ಕೊಡುತ್ತದಂತೆ. ನಾನು ವಿವರಿಸಿದೆ. ನಮ್ಮ ಜೀವಕೋಶಗಳು ಅತಿಸಣ್ಣ ಚೀಲಗಳನ್ನು ಹೊರಬಿಡುತ್ತವೆ. ಅವೇ ಎಕ್ಸ್‌ಟ್ರಾಸೆಲ್ಯುಲಾರ್ ವೆಸಿಕಲ್‌ಗಳು, ಎಕ್ಸೋಸೋಮ್ ಅವುಗಳಲ್ಲೊಂದು ಬಗೆ. ಗರ್ಭಕೋಶದ ಒಳಪದರವೂ ಭ್ರೂಣವೂ ಇವುಗಳ ಮೂಲಕ ಒಂದಕ್ಕೊಂದು ಸಂದೇಶ ಕಳಿಸುತ್ತವೆ. ಸಂಶೋಧನೆ ನಿಜ, ಆದರೆ ಅದಿನ್ನೂ ಚಿಕಿತ್ಸೆಯಾಗಿ ಸಿದ್ಧವಾಗಿಲ್ಲ ಎಂದೆ. ಒಮ್ಮೆ ಮಾಡಿಸಿ ನೋಡಿದರೆ ತಪ್ಪೇನು ಎಂದು ಅವನು ಕೇಳಿದ. ಅವನ ಅಮ್ಮ ಆಗಲೇ ಆ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಮಾಡಿಸಿದ್ದರು.

ಪರೀಕ್ಷೆಗೆಂದು ವೀಣಾಳನ್ನು ಒಳಗೆ ಕರೆದೆ. ಪರದೆಯ ಹಿಂದೆ ಅವಳು ನನ್ನ ಕೈ ಹಿಡಿದಳು.

"ಮೇಡಂ, ನನ್ನ ಗರ್ಭಕೋಶದಲ್ಲಿ ಮಗು ನಿಲ್ಲೂದೇ ಇಲ್ಲ ಅಂತ ನೀವೇ ಇವರಿಗೆ ಹೇಳಿಬಿಡಿ."

ಈ ಚಿಕಿತ್ಸೆಗಳಿಂದ ಹೊರಬರಲು ಅವಳಿಗೆ ಬೇರೆ ಬಾಗಿಲೇ ಕಂಡಿರಲಿಲ್ಲ. ಆದರೆ ರಿಪೋರ್ಟ್ ಸರಿಯಿದ್ದಾಗ ನಾನು ಸುಳ್ಳು ಹೇಳುವಂತಿರಲಿಲ್ಲ, ಅವಳ ಗುಟ್ಟನ್ನು ಗಂಡನ ಮುಂದೆ ಬಿಚ್ಚುವಂತೆಯೂ ಇರಲಿಲ್ಲ. ಗಂಡನ ಎದುರೇ ನಿಮಗೊಂದು ಪ್ರಶ್ನೆ ಕೇಳಲೇ ಎಂದೆ. ಆಗಲಿ ಎಂದು ತಲೆಯಾಡಿಸಿದಳು.

ಹೊರಗೆ ಬಂದು ಕೂತ ಮೇಲೆ ಕೇಳಿದೆ, "ವೀಣಾ, ನಿಮಗೆ ಏನು ಬೇಕು?"

ಅವಳು ಸೆರಗಿನ ಅಂಚು ಮಡಚಿದಳು.

"ನಂಗೆ ಸಾಕಾಗಿದೆ," ಎಂದಳು.

ದಿನೇಶ ಸಿಟ್ಟಾಗಲಿಲ್ಲ, ಅವಳತ್ತ ನೋಡಲೂ ಇಲ್ಲ. ಅಮ್ಮನಿಗೆ ಏನು ಹೇಳೂದು ಎಂದಷ್ಟೇ ಕೇಳಿದ. ಇಬ್ಬರೂ ಎದ್ದು ಹೋದರು.

ಕೆಲವು ತಿಂಗಳ ನಂತರ ವೀಣಾ ಥೈರಾಯ್ಡ್ ಪರೀಕ್ಷೆಗೆ ಬಂದಳು. ಇಂಜೆಕ್ಷನ್ನಿಗೆ ಹೋಗಿರಲಿಲ್ಲ. ಮನೆಯವರು ಈಗಲೂ ಮಗುವಿನ ಬಗ್ಗೆ ಕೇಳುತ್ತಾರೆಯೇ ಎಂದೆ.

"ಕೇಳೂದು ನಿಂತಿಲ್ಲ ಮೇಡಂ. ಆದ್ರೆ ಈಗ ಅತ್ತೆಗೆ ಉತ್ತರ ಇವರೇ ಹೇಳ್ತಾರೆ."

ಹೊಸ ಚಿಕಿತ್ಸೆಗಳು ಬರುತ್ತಲೇ ಇರುತ್ತವೆ, ವೆಸಿಕಲ್‌ಗಳಿಂದಲೂ ಮುಂದೆ ಒಂದು ಬರಬಹುದು. ಅದು ಫಲಿಸುತ್ತದೆಯೇ ಎಂದು ನೋಡುವ ಮೊದಲು, ಯಾರ ಮೈಗೆ ಕೊಡುತ್ತೇವೋ ಅವರಿಗೆ ಅದು ಬೇಕೇ ಎಂದು ಕೇಳಬೇಕು. ಮನೆಯವರ ಎದುರು ಕೇಳಿದರಷ್ಟೇ ಸಾಲದು, ಒಬ್ಬರೇ ಇದ್ದಾಗಲೂ ಕೇಳಬೇಕು.