ಸಿಂಗಾಪುರದಿಂದ ದಿನಾ ಬರುವ ಓದುಗ

“ನಿಮ್ಮ ಪಲ್ಲವಿಗೆ ಸಿಂಗಾಪುರದಲ್ಲಿ ಯಾರಿದ್ದಾರೆ?”

ಕಳೆದ ವಾರ ನಾನಿನ್ನೂ ಬೆಳಗಿನ ಚಹಾ ಮುಗಿಸಿರಲಿಲ್ಲ, ಫೋನಿನಲ್ಲಿ ಈ ಪ್ರಶ್ನೆ. ಕೇಳಿದವರು ಠಾಣೆಯ ವರ್ತಕ ನಗರದ ವಸಂತಮ್ಮ, ಮೂಲತಃ ಮೈಸೂರಿನವರು. ಅವರ ಮಗ ಸುಹಾಸನಿಗೂ ಕಲ್ಯಾಣದಲ್ಲಿರುವ ನನ್ನ ತಂಗಿಯ ಮಗಳು ಪಲ್ಲವಿಗೂ ಮದುವೆ ಮಾತಾಗಿದೆ. ಮುಂದಿನ ತಿಂಗಳು ನಿಶ್ಚಿತಾರ್ಥ. ಹುಬ್ಬಳ್ಳಿಯ ನೆಂಟರ ರೈಲು ಟಿಕೆಟ್ ಕೂಡ ಆಗಿದೆ. ನಡುವೆ ಈ ಸಿಂಗಾಪುರ ಎಲ್ಲಿಂದ ಬಂತು?

“ಯಾರೂ ಇಲ್ಲಲ್ರೀ. ಯಾಕ್ರೀ?” ಎಂದೆ.

“ಬೇಜಾರು ಮಾಡ್ಕೋಬೇಡಿ. ಅವಳ ಬ್ಲಾಗಿಗೆ ದಿನಾ ಮಧ್ಯಾಹ್ನ ಸಿಂಗಾಪುರದಿಂದ ಯಾರೋ ಒಬ್ರು ಬರ್ತಾರಂತೆ. ಎರಡು ತಿಂಗಳಿಂದ ಇದೇ ಕತೆ. ನಮ್ಮ ಸುಹಾಸನೇ ನೋಡಿದ್ದು. ಪಾಪ, ಸರಿಯಾಗಿ ಊಟ ಕೂಡ ಮಾಡ್ತಿಲ್ಲ.”

ಪಲ್ಲವಿ ತುರ್ಭೆಯ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಹೋಗಿಬರುವಾಗ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಕಂಡದ್ದು ಕೇಳಿದ್ದನ್ನು ಇಂಗ್ಲಿಷಿನಲ್ಲಿ ಬ್ಲಾಗಿಗೆ ಬರೆಯುತ್ತಾಳೆ. ಪುಟದ ಮೂಲೆಯಲ್ಲಿ ಒಂದು ಕೌಂಟರ್ ಇದೆ. ಓದುಗ ಯಾವ ದೇಶದಿಂದ ಬಂದನೋ ಆ ದೇಶದ ಬಾವುಟವನ್ನು ಅದು ತೋರಿಸುತ್ತದೆ. ಅಲ್ಲಿರುವ ಬಾವುಟಗಳೆಲ್ಲ ನಮ್ಮವೇ. ನಡುವೆ ದಿನಕ್ಕೊಂದು ಸಿಂಗಾಪುರದ್ದು.

ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಸೋದರಮಾವ ಗಂಡಿನ ವಿಚಾರಣೆ ಮಾಡಿ ಬರಬೇಕು. ನಾನು ಹುಟ್ಟಾ ಸಂಶಯಪಿಶಾಚಿ, ಹಾಗಾಗಿ ಈ ಕೆಲಸ ಸದಾ ನನಗೇ. ವರ್ತಕ ನಗರಕ್ಕೆ ಹೋಗಿ ಸುಹಾಸನ ಬಿಲ್ಡಿಂಗಿನ ವಾಚ್‌ಮನ್‌ಗೆ ಕಟಿಂಗ್ ಚಹಾ ಕುಡಿಸಿದ್ದೆ. ಇಸ್ತ್ರಿಯವನನ್ನೂ ಕೇಳಿದ್ದೆ. (ಹುಡುಗ ತನ್ನ ಅಂಗಿ ತಾನೇ ತಂದು ಕೊಡುತ್ತಾನೆ ಎಂದು ಗೊತ್ತಾಗಿದ್ದು ಅಲ್ಲೇ.) ಆದರೆ ಅವರೂ ನಮ್ಮ ಹುಡುಗಿಯ ವಿಚಾರಣೆ ನಡೆಸಿದ್ದಾರೆ, ಅದೂ ಬಾವುಟ ಎಣಿಸಿ! ಮೈಯೆಲ್ಲ ಉರಿದುಹೋಯಿತು.

ಉರಿ ತಣ್ಣಗಾದ ಮೇಲೆ ನನ್ನ ಚಾಳಿ ಶುರುವಾಯಿತು. ಇವರಿಗೆ ಬೇರೆ ಸಂಬಂಧ ಸಿಕ್ಕಿದೆಯೇ? ಇದು ಜಾರಿಕೊಳ್ಳಲು ನೆಪವೇ? ಅಥವಾ, ಛೇ, ನಮ್ಮ ಪಲ್ಲವಿಯೇ...?

ತಂಗಿಯ ಮನೆಗೆ ಹೋದೆ. “ಏ ಅಣ್ಣಾ, ನಮ್ಮ ಹುಡುಗಿ ಹಂಗಲ್ಲ” ಎಂದು ನನ್ನ ಮೇಲೇ ಹಾರಿಬಿದ್ದಳು. ಆಮೇಲೆ ಅಡುಗೆಮನೆಗೆ ಕರೆದು, “ಆದ್ರೂ ನೀ ಒಂದ್ ಮಾತು ಕೇಳಿಬಿಡು” ಎಂದಳು. ಹೆತ್ತವಳಿಗೇ ಧೈರ್ಯವಿಲ್ಲ, ನನಗೆಲ್ಲಿಂದ ಬರಬೇಕು? ಭಾನುವಾರ ಅವರನ್ನೇ ಕರೆಸಿ ಎದುರುಬದುರು ಕೂತು ಮಾತಾಡುವುದೆಂದಾಯಿತು.

ತಾಯಿ ಮಗ ಬಂದರು. ಶಿರಾ ಬಂತು, ಚಹಾ ಬಂತು, ಯಾರೂ ಮುಟ್ಟಲಿಲ್ಲ. ಸುಹಾಸ ನೆಲ ನೋಡುತ್ತಿದ್ದ. ನಾನೇ ಬಾಯಿಬಿಟ್ಟೆ. “ಪಲ್ಲವಿ, ಆ ಸಿಂಗಾಪುರದಾಂವ ಯಾರವ್ವಾ?”

ಇಲ್ಲೇ ಮುಂಬೈ ಕಡೆ ಹುಟ್ಟಿದ ಹುಡುಗಿ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. “ಮಾಮಾ, ಯೇ ಸುಹಾಸ್ ಸೇ ಪೂಛೋ” ಎಂದವಳು ಅವನ ಕಡೆ ತಿರುಗಿದಳು. “ಪಿಛಲೇ ಮಹೀನೇ ತುಮ್ಹೇ ಬುಖಾರ್ ಥಾ ನಾ? ಸಿಂಗಾಪುರ್‌ವಾಲೇ ಕೋ ಭೀ ಥಾ!”

ಸುಹಾಸನನ್ನೇ ಕೇಳಬೇಕಂತೆ, ಕಳೆದ ತಿಂಗಳು ಅವನಿಗೆ ಜ್ವರ ಬಂದಾಗ ಸಿಂಗಾಪುರದವನಿಗೂ ಬಂದಿತ್ತಂತೆ! ಸುಹಾಸ ಮಲಗಿದ್ದ ಅಷ್ಟೂ ದಿನ ಸಿಂಗಾಪುರದ ಬಾವುಟ ಬಂದಿರಲಿಲ್ಲವಂತೆ. ಶನಿವಾರ ಭಾನುವಾರವೂ ಇಲ್ಲ. ಗಣೇಶ ಚೌತಿಯ ದಿನವೂ ಇಲ್ಲ. ಚೌತಿಗೆ ಸಿಂಗಾಪುರದಲ್ಲಿ ಯಾರಪ್ಪ ರಜೆ ಕೊಡುತ್ತಾರೆ?

ಸುಹಾಸ ಹಣೆ ಹಣೆ ಬಡಿದುಕೊಂಡ. ಐರೋಲಿಯ ಅವನ ಕಂಪನಿಗೆ ಹತ್ತಾರು ದೇಶಗಳಲ್ಲಿ ಆಫೀಸುಗಳಿವೆ. ಆ ಆಫೀಸುಗಳ ಇಂಟರ್ನೆಟ್ ಟ್ರಾಫಿಕ್ಕನ್ನು ಯಾವ ದಾರಿ ಖಾಲಿಯಿದೆಯೋ, ಯಾವುದು ಬೇಗ ಮುಟ್ಟಿಸುತ್ತದೋ ಆ ಕಡೆ ತಿರುಗಿಸುವುದೇ ಇವನ ನೌಕರಿ.

“ಅಂಕಲ್, ದಿವಾ ಸ್ಟೇಶನ್ ಹತ್ರ ಸ್ಲೋ ಟ್ರ್ಯಾಕ್ ಕೆಟ್ರೆ ಲೋಕಲ್‌ನ ಫಾಸ್ಟ್ ಟ್ರ್ಯಾಕಿಗೆ ಹಾಕಲ್ವಾ? ಹಾಗೇ. ಮುಂಬೈ ಲೈನ್ ಪದೇ ಪದೇ ಜಾಮ್ ಆಗ್ತಿತ್ತು. ಎರಡು ತಿಂಗಳ ಹಿಂದೆ ನಾನೇ ಎಲ್ಲಾನೂ ಸಿಂಗಾಪುರದ ಗೇಟಿಗೆ ತಿರುಗಿಸಿದೆ. ಹೊರಗಿನ ವೆಬ್‌ಸೈಟಿಗೆ ಕಾಣೋದು ಆ ಗೇಟ್ ಮಾತ್ರ. ನಾವು ಕೂತಿರೋ ಐರೋಲಿ ಕಾಣಲ್ಲ.”

“ಟ್ರ್ಯಾಕ್ ಬದಲಾದ್ರೂ ಡೊಂಬಿವಲಿ ಸ್ಟೇಶನ್ ಸಿಂಗಾಪುರ ಆಗೂದಿಲ್ಲಪಾ!” ಎಂದೆ. ಡೊಂಬಿವಲಿಯಲ್ಲೇ ಇರುವ ನನಗೆ ಲೋಕಲ್ ಟ್ರೇನಿನ ಪಾಠ ಹೇಳುವುದೇ? ಇಷ್ಟು ನೀಟಾದ ವಿವರಣೆ ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರೆ?

ಅವನು ಲ್ಯಾಪ್‌ಟಾಪ್ ತೆರೆದು ಬ್ಲಾಗು ತೋರಿಸಿದ. ಶಿಫ್ಟಿನಲ್ಲಿದ್ದ ಗೆಳೆಯನಿಗೆ ಫೋನ್ ಮಾಡಿ ಆಫೀಸಿನ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆಯಲು ಹೇಳಿದ. ನಾವೆಲ್ಲ ಮೂಲೆಯ ಕೌಂಟರನ್ನೇ ನೋಡುತ್ತ ಕೂತೆವು. ಟಪ್ ಎಂದು ಸಿಂಗಾಪುರದ ಬಾವುಟ ಬಂತು! ಭಾನುವಾರ, ಐರೋಲಿಯಿಂದ.

“ಅಯ್ಯೋ ನಿನ್ನ! ನಿನ್ನ ಮೇಲೆ ನೀನೇ ಹೊಟ್ಟೆಕಿಚ್ಚು ಪಟ್ಕೊಂಡ್ಯೇನೋ?” ಎಂದರು ವಸಂತಮ್ಮ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ತಂಗಿ ಚಹಾ ಬಿಸಿ ಮಾಡಲು ಎದ್ದಳು.

ಪಲ್ಲವಿ ನಗಲಿಲ್ಲ. “ಕಲ್ ಮೈನೇ ಕಿಸ್ ಪೇ ಲಿಖಾ ಥಾ?” ಎಂದು ಅವನನ್ನು ಕೇಳಿದಳು. ನಿನ್ನೆ ನಾನು ಬರೆದದ್ದು ಯಾವುದರ ಬಗ್ಗೆ?

ಸುಹಾಸನ ಕಣ್ಣು ಲ್ಯಾಪ್‌ಟಾಪಿನ ಕಡೆ ಹೊರಳಿತು. ಅವಳು ಅದನ್ನು ಮುಚ್ಚಿದಳು.

“ಮೊದಲೆಲ್ಲ ಓದ್ತಿದ್ದೆ...” ಎಂದ.

ಸಿಂಗಾಪುರದವನು ಸುಹಾಸನೇ ಎಂದು ಜ್ವರದ ವಾರದಲ್ಲೇ ಅವಳಿಗೆ ಗೊತ್ತಾಗಿತ್ತು. ದಿನಾ ಊಟದ ಹೊತ್ತಿನಲ್ಲಿ ಬಂದು ಓದಿ ಸುಮ್ಮನೆ ಹೋಗುತ್ತಾನೆ, ಹೇಳಿಕೊಳ್ಳುವುದೂ ಇಲ್ಲ ಎಂದು ಒಳಗೊಳಗೇ ಖುಷಿಪಟ್ಟಿದ್ದಳಂತೆ. ಅವನು ಬರುತ್ತಿದ್ದದ್ದು ಬೇರೆ ಯಾರು ಬಂದರೆಂದು ನೋಡಲಿಕ್ಕೆ! ಹುಡುಗಿಯ ಕಣ್ಣು ತುಂಬಿ ಬಂತು. ನನಗೂ ಸಂಕಟವಾಯಿತು. ಅವಳನ್ನೇ ಒಂದು ಮಾತು ನೇರವಾಗಿ ಕೇಳಿದ್ದರೆ ನಮ್ಮ ಗಂಟೇನು ಹೋಗುತ್ತಿತ್ತು?

ಮರುದಿನ ನೋಡುತ್ತೇನೆ, ಬ್ಲಾಗಿನಲ್ಲಿ ಕೌಂಟರೇ ಇಲ್ಲ. ಕಿತ್ತು ಹಾಕಿದ್ದಾಳೆ. “ಯಾಕವ್ವಾ?” ಎಂದು ಫೋನಿನಲ್ಲಿ ಕೇಳಿದೆ. ಸುಹಾಸ ಇನ್ನು ಮೇಲೆ ದಿನಾ ಓದುತ್ತೇನೆಂದು ಮೆಸೇಜ್ ಕಳಿಸಿದ್ದಾನಂತೆ. ನಿಶ್ಚಿತಾರ್ಥ ಬೇಕೋ ಬೇಡವೋ ಅವಳಿನ್ನೂ ಹೇಳಿಲ್ಲ. ತಂಗಿ ದೇವರಿಗೆ ದೀಪ ಹಚ್ಚಿ ಕೂತಿದ್ದಾಳೆ.

ಎಣಿಸಲು ಬಾವುಟಗಳಿಲ್ಲ. ಓದಿದೆ ಎಂದು ಅವನು ಹೇಳಿದರೆ ಇನ್ನು ಇವಳು ನಂಬಬೇಕು. ಯಾರೂ ಇಲ್ಲ ಎಂದು ಇವಳು ಹೇಳಿದರೆ ಅವನು ನಂಬಬೇಕು. ಅಷ್ಟೂ ಆಗದವರು ಮದುವೆಯಾದರೂ ಯಾಕಾಗಬೇಕು?