ಭತ್ತದ ಹುಲ್ಲಿನ ಕಟ್ಟು

ಹೋದ ರವಿವಾರ ನಸುಕಿನಲ್ಲಿ ನನ್ನ ಸಣ್ಣ ಟೆಂಪೊ ಓಡಿಸಿಕೊಂಡು ಕುಷ್ಟಗಿಯಿಂದ ತಾವರಗೇರಾ ಕಡೆಗೆ ಹೊರಟಿದ್ದೆ. ಎದುರಿನಿಂದ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂದು ದಾಟಿಹೋಯಿತು. ಗಂಗಾವತಿ ಕಡೆಯ ಹುಲ್ಲು. ನಾಲ್ಕೆಳೆ ಕಿಟಕಿಯಿಂದ ಒಳಗೆ ಹಾರಿ ಪಕ್ಕದ ಸೀಟಿನ ಮೇಲೆ ಬಿದ್ದವು. ಕಾಲುವೆ ನೀರು ಕುಡಿದ ಹುಲ್ಲಿಗೆ ಒಂದು ವಾಸನೆ ಇರುತ್ತದೆ. ಒಣಗಿದರೂ ಒಳಗೆಲ್ಲೋ ಕೆಸರು ಉಳಿದಂತೆ... ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಅದು ಅಕ್ಕ ಕೂಡುತ್ತಿದ್ದ ಸೀಟು.

ಅಕ್ಕ ಕುಷ್ಟಗಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು, ಅವಳು ಅಷ್ಟೂ ಓದಿರಲಿಲ್ಲ. ಆದರೆ ನಮ್ಮ ಓಣಿಯ ಸೇವಾ ಬಳಗದಲ್ಲಿ ಅವಳ ಮಾತು ನಡೆಯುತ್ತಿತ್ತು. ಬಳಗವೆಂದರೆ ನಿವೃತ್ತರಾದ ಮಾಸ್ತರರು, ಔಷಧ ಅಂಗಡಿಯವರು, ಹೊಲಿಗೆ ಹಾಕುವ ಒಬ್ಬ ತಾಯಿ, ಹೀಗೆ ಒಂದಷ್ಟು ಮಂದಿ. ಮೊದಲು ಅವರು ಕಣ್ಣಿನ ತಪಾಸಣೆ ಮಾಡಿಸುವುದು, ಸಸಿ ನೆಡುವುದು ಮಾಡುತ್ತಿದ್ದರು. ಒಂದು ಸಭೆಯಲ್ಲಿ ಅಕ್ಕ ಎದ್ದುನಿಂತು, ಸಸಿ ನೆಟ್ಟಿದ್ದು ಸಾಕು, ಇನ್ನು ಪಲ್ಲೆ ತರೋಣ ಎಂದಳಂತೆ. ಆಗ ನಮ್ಮ ಓಣಿಗೆ ಬರುವ ಸೊಪ್ಪು ದೂರದಿಂದ ಬಂದು, ದಾರಿಯಲ್ಲಿ ನೀರು ಚಿಮುಕಿಸಿಕೊಂಡು, ಬಾಡಿಯೇ ಮುಟ್ಟುತ್ತಿತ್ತು. ಅತ್ತ ತಾವರಗೇರಾ ಸುತ್ತಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬದುವಿನ ಮೇಲೆ, ಬಾವಿ ದಂಡೆಯಲ್ಲಿ ಬೆಳೆದ ಪುಂಡಿಪಲ್ಲೆ, ಸಬ್ಬಸಗಿ, ಹೀರೇಕಾಯಿಗಳನ್ನು ಪೇಟೆಗೆ ತರಲು ಗಾಡಿಯಿಲ್ಲದೆ ದನಕ್ಕೆ ಹಾಕುತ್ತಿದ್ದರು.

"ಅಲ್ಲಿ ಎಮ್ಮಿ ತಾಜಾ ತಿಂತಾವ, ಇಲ್ಲಿ ಬಾಣಂತ್ಯಾರು ಬಾಡಿದ್ದು ತಿಂತಾರ. ನಡುವ ಒಂದ್ ಗಾಡಿ ಕಮ್ಮಿ ಬಿದ್ದೈತಿ, ಅಷ್ಟ" ಎಂದು ಅಕ್ಕ ಹೇಳಿದ್ದನ್ನು ಮಾಸ್ತರರು ಈಗಲೂ ನೆನೆಯುತ್ತಾರೆ. ಆ ಗಾಡಿ ನನ್ನದಾಯಿತು.

ಪ್ರತಿ ರವಿವಾರ ಮುಂಜಾನೆ ಬಳಗದ ಅಂಗಡಿ ಹಾಕುತ್ತಿದ್ದೆವು. ಅಂಗಡಿಯೆಂದರೆ ಒಂದು ತಾಡಪಾಲು, ಎರಡು ಮೇಜು. ಅಲ್ಲಿ ಮಾರುವುದೆಲ್ಲ ಆ ದಿನ ನಸುಕಿನಲ್ಲಿ ಗಿಡದಿಂದ ಹರಿದದ್ದೇ ಆಗಿರಬೇಕು, ಬೆಳೆದವರ ಕೈಯಿಂದಲೇ ಬಂದಿರಬೇಕು. ಇದು ಬಳಗದ ಏಕೈಕ ಕಟ್ಟುನಿಟ್ಟು. ಅಕ್ಕ ಮೇಜಿನ ಹಿಂದೆ ನಿಂತು, ಬಂದವರಿಗೆ ರೊಟ್ಟಿಯ ಚೂರಿನಲ್ಲಿ ಹಸಿ ಹಕ್ಕರಕಿ ಸೊಪ್ಪು ಸುತ್ತಿ, ಮೊದಲು ತಿನ್ರಿ, ಆಮೇಲೆ ಒಯ್ಯಿರಿ ಎನ್ನುತ್ತಿದ್ದಳು. ಬಾಣಂತಿಯರ ಮನೆಗಳಿಗೆ ಬಳಗದವರೇ ಸಬ್ಬಸಗಿ ಮುಟ್ಟಿಸುತ್ತಿದ್ದರು. ಹಳ್ಳಿಯ ಹೆಣ್ಣುಮಕ್ಕಳು ಸೊಪ್ಪಿನ ಕಟ್ಟನ್ನು ಪುಂಡಿ ನಾರಿನಿಂದ ಕಟ್ಟಿ ಕೊಡುತ್ತಿದ್ದರು. ಬಲಿತ ಪುಂಡಿ ಗಿಡದ ತೊಗಟೆ ಸುಲಿದರೆ ಸಿಗುವ ನಾರು ಅದು. ಆ ಸೀಮೆಯಲ್ಲಿ ಕೈಗೆ ಸಿಗುವ ಹಗ್ಗವೇ ಅದು.

ನಾನು ಮಾಡಿದ್ದನ್ನು ಈಗ ಹೇಳುತ್ತೇನೆ.

ಒಂದು ಶನಿವಾರ ಗಂಗಾವತಿಯಲ್ಲಿ ಗೆಳೆಯನ ಮದುವೆ ಇತ್ತು. ಹೋದೆ, ಉಂಡೆ, ಹರಟೆ ಹೊಡೆಯುತ್ತಾ ಅಲ್ಲಿಯೇ ಮಲಗಿಬಿಟ್ಟೆ. ಎಚ್ಚರವಾದಾಗ ಬೆಳಕು ಹರಿದಿತ್ತು. ಹಳ್ಳಿಗೆ ಹೋಗಿ, ಪಲ್ಲೆ ಹೇರಿ, ಕುಷ್ಟಗಿ ಮುಟ್ಟುವಷ್ಟರಲ್ಲಿ ಅಂಗಡಿಗೆ ಬಂದವರು ಬುಟ್ಟಿ ಹಿಡಿದು ಕಾಯುತ್ತಿರುತ್ತಾರೆ, ಅಕ್ಕ ಎಲ್ಲರೆದುರು ಬೈಯುತ್ತಾಳೆ ಎಂದು ಹೆದರಿದೆ. ಗಂಗಾವತಿ ಮಾರುಕಟ್ಟೆಯಲ್ಲಿ ಸೊಪ್ಪಿನ ಗುಡ್ಡೆ ಕಂಡಿತು. ಅದನ್ನೇ ಹೇರಿಕೊಂಡು ಹೊರಟೆ. ತಾವರಗೇರಾ ದಾಟಿದ ಮೇಲೆ ನಮಗೆ ಪಲ್ಲೆ ಕೊಡುವ ಹಳ್ಳಿಗೆ ತಿರುಗುವ ಕವಲು ಬಂತು. ಅಲ್ಲಿಂದ ಸ್ವಲ್ಪ ದೂರಕ್ಕೆ ಬೇವಿನ ಕಟ್ಟೆ. ಅಲ್ಲಿ ಹೆಣ್ಣುಮಕ್ಕಳು ಕಾಯುತ್ತಿರುತ್ತಾರೆಂದು ನನಗೆ ಗೊತ್ತಿತ್ತು. ಜೇಬಿನಲ್ಲಿ ಅವರ ಕರೆಗೆ ಫೋನು ನಡುಗುತ್ತಲೇ ಇತ್ತು. ತೆಗೆಯಲಿಲ್ಲ. ಗಾಡಿ ತಿರುಗಿಸಲೂ ಇಲ್ಲ.

ಅಂಗಡಿಯಲ್ಲಿ ಅಕ್ಕ ಒಂದು ಕಟ್ಟು ಎತ್ತಿದವಳು ಹಾಗೇ ನಿಂತಳು. ಕಟ್ಟಿಗೆ ಸುತ್ತಿದ್ದು ಭತ್ತದ ಹುಲ್ಲು. ನಾನದನ್ನು ನೋಡಿಯೇ ಇರಲಿಲ್ಲ. ಸೊಪ್ಪು ಸೊಪ್ಪೇ ಅಲ್ಲವೇ ಎಂದುಕೊಂಡಿದ್ದೆ.

"ತಮ್ಮಾ, ನಮ್ಮ ಮಸಾರಿ ಹೊಲದಾಗ ನೆಲ್ಲು ಯಾವಾಗಿಂದ ಬೆಳ್ಯಾಕ ಹತ್ಯಾರ?" ಎಂದಳು. ದನಿ ಏರಿಸಲಿಲ್ಲ. ಮಳೆಯನ್ನೇ ನಂಬಿದ ಆ ಕೆಂಪು ಮಣ್ಣಿನಲ್ಲಿ ಭತ್ತ ಬೆಳೆಯುವುದಿಲ್ಲ.

ಮಾಸ್ತರರು ಅಲ್ಲೇ ಇದ್ದರು. ಔಷಧ ಅಂಗಡಿಯವರು ತಕ್ಕಡಿ ಹಿಡಿದು ನಿಂತಿದ್ದರು. ಕೊಳ್ಳಲು ಬಂದವರೆಲ್ಲ ನನ್ನತ್ತ ತಿರುಗಿದರು. ಎಚ್ಚರವಾಗಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು... ನನ್ನ ಬಾಯಿಂದ ಬಂದದ್ದೇ ಬೇರೆ.

"ನನಗೇನ್ ಗೊತ್ತಕ್ಕಾ. ಅವರು ಕೊಟ್ಟಿದ್ದು ಹೇರ್ಕೊಂಡು ಬಂದೆ. ಎಲ್ಲಿಂದ ಕೊಂಡ್ ತಂದಾರೋ ಏನೋ."

ಮಾತು ಹೊತ್ತಿಕೊಂಡಿತು. ಹಳ್ಳಿಯವರೂ ಪೇಟೆಯ ಮಾಲು ತಂದು ನಮ್ಮ ತಲೆಗೆ ಕಟ್ಟಲು ಕಲಿತರು ಎಂದರು ಒಬ್ಬರು. ಆ ಹಳ್ಳಿಯನ್ನೇ ಬಿಟ್ಟುಬಿಡೋಣ ಎಂದರು ಇನ್ನೊಬ್ಬರು. ಅಕ್ಕ ಆ ಕಟ್ಟನ್ನು ಮೇಜಿನ ಮೇಲಿಟ್ಟಳು. ಇವತ್ತಿನ ಪಲ್ಲೆ ನಮ್ಮದಲ್ಲ, ನಂಬಿ ಒಯ್ಯಬೇಡಿ ಎಂದು ಎಲ್ಲರಿಗೂ ಹೇಳಿ ಅಂಗಡಿ ಮುಚ್ಚಿದಳು. ಸೆರಗು ಬಿಗಿದು ನೇರ ಬಸ್ ಸ್ಟ್ಯಾಂಡಿಗೆ ನಡೆದಳು. ಹಿಂದೆ ಹೋಗಬೇಕಿತ್ತು ನಾನು. ಹೋಗಲಿಲ್ಲ.

ಸಂಜೆ ಹಳ್ಳಿಯಿಂದ ತಿರುಗಿ ಬಂದಾಗ ಅವಳ ಕೈಯಲ್ಲಿ ಪುಂಡಿ ನಾರಿನಿಂದ ಕಟ್ಟಿದ ಒಂದು ಕಟ್ಟಿತ್ತು. ಪೂರ್ತಿ ಬಾಡಿತ್ತು. ಕಟ್ಟೆಯ ಮೇಲೆ ಉಳಿದದ್ದನ್ನೆಲ್ಲ ಎಮ್ಮೆಗಳಿಗೆ ಹಾಕಿದ್ದರಂತೆ. ಆ ಬಾಡಿದ ಕಟ್ಟನ್ನು ನನ್ನ ಮುಂದಿಟ್ಟು ಕೂತಳು.

"ಗಾಡಿ ಕೆಟ್ಟಿತ್ತು ಅಂತ ಅವರ ಮುಂದ ಸುಳ್ಳು ಹೇಳಿ ಬಂದೀನಿ. ನೀ ಅವರನ್ನ ಕಳ್ಳರು ಅಂದಿದ್ದು ಅವರಿಗೆ ಗೊತ್ತಿಲ್ಲ. ಅದನ್ನ ನಾ ಹೇಳಾಕಿ ಅಲ್ಲ. ನೀನ ಹೇಳಬೇಕು."

ಹೇಳುತ್ತೇನೆ ಎಂದೆ. ಬಳಗದ ಸಭೆಯಲ್ಲಿ ಅಕ್ಕ ತಪ್ಪು ತನ್ನದೆಂದು ಹೇಳಿಕೊಂಡಳು. ಬಳಗದ ಕಟ್ಟುನಿಟ್ಟನ್ನು ತಾನೇ ಹಳ್ಳಿಗೆ ಸರಿಯಾಗಿ ಹೇಳಿ ಕಳಿಸಲಿಲ್ಲ, ಬೇಕಾದರೆ ತನ್ನನ್ನು ಬಿಡಿ, ಆ ಹಳ್ಳಿಯನ್ನು ಬಿಡಬೇಡಿ ಎಂದು ಹಟ ಹಿಡಿದಳು. ಕೆಲವರು ಆಕೆಯೊಂದಿಗೆ ಬಹಳ ದಿನ ಮಾತು ಬಿಟ್ಟರು. ಅಂಗಡಿಗೆ ಬರುವ ಮಂದಿ ಕಡಿಮೆಯಾದರು. ಅವಳು ಮನೆಮನೆಗೆ ಹೋಗಿ ಹಕ್ಕರಕಿ ಸುತ್ತಿದ ರೊಟ್ಟಿ ಕೊಟ್ಟು, ಮತ್ತೆ ಬನ್ನಿ ಎಂದು ಕರೆದು, ಒಬ್ಬೊಬ್ಬರನ್ನಾಗಿ ಹಿಂದಕ್ಕೆ ತಂದಳು. ಹೊಲಿಗೆಯ ತಾಯಿ ನನ್ನೆದುರೇ, ನಿಮ್ಮಕ್ಕ ಒಬ್ಬಾಕಿ ಅಂಗಡಿ ಎತ್ತಿ ನಿಲ್ಲಿಸಿದಳು ನೋಡು ಎಂದಾಗ ನಾನು ಹೌದು ಎಂದು ತಲೆಯಾಡಿಸಿದೆ.

ಅಂದಿನಿಂದ ಪ್ರತಿ ರವಿವಾರ ಅವಳು ನನ್ನ ಜೊತೆ ಗಾಡಿಯಲ್ಲಿ ಬರತೊಡಗಿದಳು. ಕುಷ್ಟಗಿಯಿಂದ ಹೊರಟರೆ ಬಾಯಿಗೆ ಬಿಡುವಿಲ್ಲ. ಯಾರ ಮನೆಯ ಸೊಸೆ ಜಗಳ ತೆಗೆದಳು, ಹಿಟ್ಟಿನ ಗಿರಣಿಯವನು ಯಾಕೆ ಮುಖ ಗಂಟು ಹಾಕಿದ್ದಾನೆ, ಎಲ್ಲವನ್ನೂ ಹೇಳುತ್ತಿದ್ದಳು. ಆ ಕವಲು ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದಳು. ಬೇವಿನ ಕಟ್ಟೆ ಮುಟ್ಟುವವರೆಗೆ ಒಂದು ಶಬ್ದವಿಲ್ಲ. ಗಾಡಿ ನಿಂತ ಮೇಲೆ ನನ್ನ ಮುಖ ನೋಡುತ್ತಿದ್ದಳು. ನಾನು ಇಳಿದು ಬುಟ್ಟಿಗಳನ್ನು ಎತ್ತಿಡುತ್ತಿದ್ದೆ. ಹೆಣ್ಣುಮಕ್ಕಳ ಜೊತೆ ನಗೆಚಾಟಿಕೆ ಆಡುತ್ತಿದ್ದೆ. ತಿರುಗಿ ಅದೇ ಕವಲು ದಾಟಿದ ಮೇಲೆ ಅವಳು ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದಳು. ಬೈದಿದ್ದರೆ ನಾನೂ ತಿರುಗಿ ಮಾತಾಡುತ್ತಿದ್ದೆನೇನೋ. ಮುಂದಿನ ವಾರ ಹೇಳಿದರಾಯಿತು ಅಂದುಕೊಳ್ಳುತ್ತಲೇ ಇದ್ದೆ... ಹೋದ ವರ್ಷ ಬೇಸಿಗೆಯಲ್ಲಿ ಒಲೆಯ ಮುಂದೆ ಕೂತಿದ್ದಾಗಲೇ ಅವಳಿಗೆ ಎದೆನೋವು ಬಂತು. ದವಾಖಾನೆಗೆ ಒಯ್ದದ್ದು ಇದೇ ಗಾಡಿಯಲ್ಲಿ, ಇದೇ ಸೀಟಿನಲ್ಲಿ. ತಿರುಗಿ ಬರಲಿಲ್ಲ.

ಹೋದ ರವಿವಾರ ಆ ಹುಲ್ಲಿನೆಳೆಗಳನ್ನು ಜೇಬಿಗೆ ಹಾಕಿಕೊಂಡು ಗಾಡಿ ಬಿಟ್ಟೆ. ಕವಲು ಬಂತು, ತಿರುಗಿಸಿದೆ. ಬೇವಿನ ಕಟ್ಟೆಯಲ್ಲಿ ಹೆಣ್ಣುಮಕ್ಕಳು ಕಟ್ಟು ಕಟ್ಟುತ್ತಿದ್ದರು. ಬುಟ್ಟಿಗೆ ಕೈಹಾಕದೆ ಅವರ ಮುಂದೆ ನಿಂತೆ. ಎಲ್ಲ ಹೇಳಿದೆ. ಮದುವೆ, ಮಾರುಕಟ್ಟೆ, ತಿರುಗಿಸದ ಗಾಡಿ, ತೆಗೆಯದ ಫೋನು, ಕೊನೆಗೆ ಅವರ ಮೇಲೆ ಹೊರಿಸಿದ ಮಾತು.

ಕೈಗಳು ನಿಂತವು. ಎಳೆಯಳೊಬ್ಬಳು ಹಗುರ ಮಾಡಲು ನೋಡಿದಳು. "ಅವತ್ತು ನಮ್ಮ ಎಮ್ಮಿ ಉಂಡಂಗ ಗೌಡರ ಮನಿಯಾಗೂ ಉಂಡಿಲ್ಲ ಬಿಡಣ್ಣಾ." ಯಾರೂ ನಗಲಿಲ್ಲ.

ಅವರಲ್ಲಿ ಹಿರಿಯಳಾದ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. "ಕಳ್ಳರು ಅಂದಿ?"

"ಹೌದಬೇ."

"ಯಾರ ಮುಂದ ಅಂದಿ?"

"ಅಂಗಡ್ಯಾಗ. ಎಲ್ಲಾರ ಮುಂದ."

"ಮತ್ತ ಇಲ್ಯಾಕ ಹೇಳಾಕ ಹತ್ತಿ? ಎಲ್ಲಿ ಅಂದಿ ಅಲ್ಲೇ ಹೇಳು. ನಡಿ, ನಾನೂ ಬರ್ತೀನಿ. ಪಲ್ಲೆ ಬಾಡತೈತಿ, ಲಗೂನ ಹೇರು."

ಅಜ್ಜಿ ಸೀರೆ ಸಾವರಿಸಿಕೊಂಡು ಗಾಡಿ ಹತ್ತಿ, ಅಕ್ಕನ ಸೀಟಿನಲ್ಲಿ ಕೂತಳು. ಬಟ್ಟೆ ಹಾಸಲೇ ಎಂದೆ. ಬೇಡ ಎಂದು ಕೈಯಾಡಿಸಿದಳು.

ಅಂಗಡಿಯಲ್ಲಿ ಅದೇ ಮೇಜಿನ ಮುಂದೆ, ಕೊಳ್ಳಲು ಬಂದವರ ನಡುವೆ, ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅಜ್ಜಿ ಪಕ್ಕದಲ್ಲಿ ಬುಟ್ಟಿ ಹಿಡಿದು ನೆಟ್ಟಗೆ ನಿಂತಿದ್ದಳು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ದಿನ ನಿಮ್ಮಕ್ಕನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆವಲ್ಲೋ ಎಂದರು. ಔಷಧ ಅಂಗಡಿಯವರು ಅಜ್ಜಿಗೆ ಕೈಮುಗಿದು ಕುರ್ಚಿ ತಂದಿಟ್ಟರು. ಅಜ್ಜಿ ಕೂಡಲಿಲ್ಲ. ಮೇಜಿನ ಹಿಂದೆ ಹೋಗಿ ಕಟ್ಟುಗಳನ್ನು ಹೊಂದಿಸಿಟ್ಟು, ಬರ್ರಿ, ಇವತ್ತು ಹರಿದದ್ದು, ನಮ್ಮ ಬದುವಿಂದು ಎಂದು ಕೂಗತೊಡಗಿದಳು. ಪಲ್ಲೆ ತರುವ ಕೆಲಸವನ್ನು ಇನ್ನು ನನಗೆ ಒಪ್ಪಿಸಬೇಕೋ ಬೇಡವೋ ಎಂದು ಬಳಗ ಇನ್ನೂ ಮಾತಾಡುತ್ತಿದೆ. ಒಪ್ಪಿಸದಿದ್ದರೂ ರವಿವಾರ ನಸುಕಿಗೆ ಆ ಕಟ್ಟೆಗೆ ಹೋಗುತ್ತೇನೆ. ಬೇರೆಯವರ ಗಾಡಿಗೆ ಬುಟ್ಟಿ ಎತ್ತಿಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಅಜ್ಜಿಯನ್ನು ಊರಿಗೆ ಬಿಟ್ಟು ಒಬ್ಬನೇ ತಿರುಗಿ ಬಂದೆ. ಕವಲು ದಾಟಿದೆ. ಅಕ್ಕ ಬಿಟ್ಟ ಮಾತನ್ನು ಮತ್ತೆ ಹಿಡಿಯುತ್ತಿದ್ದ ಜಾಗ ಅದು. ಗಾಡಿಯ ವೇಗ ತಗ್ಗಿಸಿದೆ.

"ಹೇಳಿದೆ ಅಕ್ಕಾ" ಎಂದೆ.

ಪಕ್ಕದ ಸೀಟಿನಲ್ಲಿ ಅಜ್ಜಿಯ ಬುಟ್ಟಿಯಿಂದ ಉದುರಿದ ಒಂದು ಪುಂಡಿ ಎಲೆ ಇತ್ತು. ಕುಷ್ಟಗಿ ಬರುವವರೆಗೂ ಗಾಡಿಯ ಸಪ್ಪಳವೊಂದೇ...